ರಜೆಯ ಕೂಟಕ್ಕೆ ಆರು ಪದರಗಳ ಕೇಕ್

ಮನೆಮಂದಿಯೆಲ್ಲ ಸೇರುವ ರಜೆಗೆ ಆರು ಪದರಗಳ ಚಾಕೊಲೇಟ್ ಕೇಕ್ ಮಾಡುತ್ತೇನೆಂದು ಒಪ್ಪಿಕೊಂಡ ಕೂಡಲೇ ನಾನು ಮಾಡಿದ ಮೊದಲ ಕೆಲಸ ಫ್ರಿಜ್‌ನ ಒಂದು ಶೆಲ್ಫನ್ನು ಖಾಲಿ ಮಾಡಿದ್ದು. ಎತ್ತರದ ಕೇಕನ್ನು ನಿಲ್ಲಿಸುವುದು ಓವನ್ನಿನ ಬಿಸಿಗಿಂತ ಹೆಚ್ಚಾಗಿ ಫ್ರಿಜ್‌ನ ತಂಪು. ಹಾಗಾಗಿ ಬೇಯಿಸುವುದು, ಜೋಡಿಸುವುದು, ಬಡಿಸುವುದು ಮೂರನ್ನೂ ಬೇರೆ ಬೇರೆ ದಿನಕ್ಕೆ ಹಂಚಿಕೊಂಡೆ.

20 ಸೆಂಟಿಮೀಟರಿನ ಮೂರು ಟಿನ್‌ಗಳಲ್ಲಿ ಬೇಯಿಸಿ, ಒಂದೊಂದನ್ನೂ ಅಡ್ಡಲಾಗಿ ಎರಡಾಗಿ ಸೀಳಿದರೆ ಆರು ಪದರ. ಹಿಟ್ಟಿನ ಮಿಶ್ರಣವನ್ನು ಕಣ್ಣಂದಾಜಿನಲ್ಲಿ ಸುರಿಯದೆ ತಕ್ಕಡಿಯಲ್ಲಿ ತೂಗಿಯೇ ಹಂಚಿದೆ. ಟಿನ್ನಿನ ಹೊರಮೈಗೆ ಒದ್ದೆ ಬಟ್ಟೆಯ ಪಟ್ಟಿ ಸುತ್ತಿದರೆ ಅಂಚು ಬೇಗ ಗಟ್ಟಿಯಾಗುವುದಿಲ್ಲ, ನಡುಭಾಗ ಗುಡ್ಡದಂತೆ ಉಬ್ಬುವುದೂ ಇಲ್ಲ. 165 ಡಿಗ್ರಿಯಲ್ಲಿ ನಿಧಾನವಾಗಿ ಬೇಯಿಸಿದೆ. ಆರಿದ ಮೇಲೆ ಬಿಗಿಯಾಗಿ ಸುತ್ತಿ ರಾತ್ರಿಯಿಡೀ ತಂಪಿನಲ್ಲಿಟ್ಟೆ. ಬಿಸಿ ಕೇಕ್ ಚಾಕುವಿಗೆ ಪುಡಿಪುಡಿಯಾಗುತ್ತದೆ. ತಣ್ಣಗಾದದ್ದು ಗರಗಸದ ಹಲ್ಲಿರುವ ಚಾಕುವಿಗೆ ನೀಟಾಗಿ ಸೀಳುತ್ತದೆ.

ನಡುವಿನ ಹೂರಣಕ್ಕೆ ಕಿತ್ತಳೆಯ ಕರ್ಡ್. ಇದು ಮೊಸರಲ್ಲ, ಹಣ್ಣಿನ ರಸಕ್ಕೆ ಮೊಟ್ಟೆ, ಸಕ್ಕರೆ, ಬೆಣ್ಣೆ ಕೂಡಿಸಿ ಕಾಯಿಸಿದ ಗಟ್ಟಿ ಹೂರಣ. ಬರೀ ಕಿತ್ತಳೆ ರಸದಲ್ಲಿ ಹುಳಿ ಸಾಲದು, ಚಾಕೊಲೇಟಿನ ಎದುರು ಅದು ಸಪ್ಪೆ ಎನಿಸುತ್ತದೆ. ರಸದಲ್ಲಿ ಮೂರನೇ ಒಂದು ಪಾಲು ನಿಂಬೆಯದಿರಲಿ.

ಇನ್ನು ಬಟರ್‌ಕ್ರೀಮ್, ಅಂದರೆ ಕೇಕಿಗೆ ಸವರುವ ಬೆಣ್ಣೆಯ ಲೇಪ. ನನಗೆ ಅತ್ಯಂತ ಇಷ್ಟದ ಕೆಲಸ ಇದು. ಮೊಟ್ಟೆಯ ಬಿಳಿಭಾಗದ ತೂಕಕ್ಕೆ ಎರಡರಷ್ಟು ಸಕ್ಕರೆ, ಮೂರರಷ್ಟು ಬೆಣ್ಣೆ. ಬಿಳಿಭಾಗವನ್ನೂ ಸಕ್ಕರೆಯನ್ನೂ ಕುದಿಯುವ ನೀರಿನ ಹಬೆಯ ಮೇಲೆ ಕೈಬಿಡದೆ ಕಲಕುತ್ತ 71 ಡಿಗ್ರಿಗೆ ತಂದೆ. ಆ ಬಿಸಿಗೆ ಮೊಟ್ಟೆ ತಿನ್ನಲು ಸುರಕ್ಷಿತವಾಗುತ್ತದೆ, ಬೆರಳುಗಳ ನಡುವೆ ಉಜ್ಜಿದರೆ ಸಕ್ಕರೆಯ ಹರಳೂ ಸಿಗುವುದಿಲ್ಲ. ಆಮೇಲೆ ಬೀಟರ್ ಹಾಕಿ, ಪಾತ್ರೆಯ ತಳ ಕೈಗೆ ತಣ್ಣಗೆ ತಾಗುವವರೆಗೆ ನೊರೆ ಬರಿಸಬೇಕು. ಇಲ್ಲಿ ಅವಸರ ಮಾಡಿದರೆ ಬೆಣ್ಣೆ ಕರಗಿ ಎಲ್ಲವೂ ನೀರಾಗುತ್ತದೆ. ಬೆರಳು ಒತ್ತಿದರೆ ತಗ್ಗು ಬೀಳುವಷ್ಟು ಮೆದುವಾದ, ಆದರೆ ಜಿಡ್ಡು ಬಿಡದ ಬೆಣ್ಣೆಯನ್ನು ತುಂಡುತುಂಡಾಗಿ ಸೇರಿಸಿದೆ. ಅರ್ಧದಷ್ಟು ಬೆಣ್ಣೆ ಹೋಗುವಷ್ಟರಲ್ಲಿ ಮಿಶ್ರಣ ಒಡೆದ ಹಾಲಿನಂತೆ ಕಾಣುತ್ತದೆ. ಹೆದರಿ ಚೆಲ್ಲಬೇಡಿ! ಬೀಟರ್ ತಿರುಗುತ್ತಲೇ ಇರಲಿ. ಸದ್ದು ಬದಲಾಗುತ್ತದೆ, ತೆಳ್ಳಗಿನ ಪಚಪಚ ಸದ್ದು ಹೋಗಿ ಭಾರವಾದ ದನಿ ಬರುತ್ತದೆ. ಕಣ್ಣೆದುರೇ ಎಲ್ಲ ಕೂಡಿಕೊಂಡು ರೇಷ್ಮೆಯ ಹೊಳಪು ತಳೆಯುತ್ತದೆ.

ಜೋಡಿಸುವಾಗ ಪ್ರತಿ ಪದರಕ್ಕೂ ತೆಳುವಾಗಿ ಸಕ್ಕರೆ ಪಾಕ ಸವರಿ, ಅಂಚಿಗೆ ಬಟರ್‌ಕ್ರೀಮಿನ ಕಟ್ಟೆ ಕಟ್ಟಿ, ಅದರೊಳಗೆ ಮಾತ್ರ ಕರ್ಡ್ ತುಂಬಿದೆ. ಕಟ್ಟೆ ಇಲ್ಲದಿದ್ದರೆ ಮೇಲಿನ ಪದರಗಳ ಭಾರಕ್ಕೆ ಕರ್ಡ್ ಪಕ್ಕಕ್ಕೆ ಜಾರಿ ಕೇಕ್ ವಾಲುತ್ತದೆ. ಮೂರು ಪದರವಾದ ಮೇಲೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಗಟ್ಟಿಯಾದ ನಂತರವೇ ಉಳಿದ ಮೂರನ್ನು ಏರಿಸಿದೆ. ಪುಡಿ ಏಳದಂತೆ ಹೊರಗೆ ಮೊದಲು ತೆಳುವಾದ ಲೇಪ, ಮತ್ತೆ ತಂಪು, ಆಮೇಲೆ ಕೊನೆಯ ದಪ್ಪ ಲೇಪ. ಮೇಲಲಂಕಾರಕ್ಕೆ ಕಿತ್ತಳೆ ಸಿಪ್ಪೆಯ ಎಳೆಗಳಷ್ಟೇ ಸಾಕೆನಿಸಿತು. ಕೇಕಿನ ಸೊಗಸೆಲ್ಲ ಒಳಗಿನ ಗೆರೆಗಳಲ್ಲಿದೆ, ಅವು ಕತ್ತರಿಸಿದಾಗ ಕಾಣಬೇಕು.

ಬಡಿಸುವ ದಿನ ಒಂದೂವರೆ ಗಂಟೆ ಮೊದಲೇ ಹೊರತೆಗೆದಿಟ್ಟೆ. ತಣ್ಣನೆಯ ಬಟರ್‌ಕ್ರೀಮ್ ಬಾಯಲ್ಲಿ ಮೇಣದಂತಿರುತ್ತದೆ, ಚಾಕೊಲೇಟಿನ ಪರಿಮಳವೂ ಏಳುವುದಿಲ್ಲ. ಉದ್ದನೆಯ ಚಾಕುವನ್ನು ಬಿಸಿನೀರಿಗೆ ಅದ್ದಿ, ಒರೆಸಿ, ಮೇಲಿನಿಂದ ತಳದವರೆಗೆ ಒಂದೇ ಸಲ ಇಳಿಸಬೇಕು. ಪ್ರತಿ ತುಂಡಿಗೂ ಹೀಗೆಯೇ. ಎತ್ತರದ ಕೇಕಿಗೆ ತುಂಡು ತೆಳ್ಳಗಿರಲಿ. ಬೇಕೆಂದವರು ಇನ್ನೊಂದು ಕೇಳುತ್ತಾರೆ, ನಮ್ಮಲ್ಲಿ ಮಕ್ಕಳಿಗಿಂತ ಮೊದಲು ಹಿರಿಯರೇ ಕೇಳಿದರು.