ಸ್ವಿಚ್ ಹಾಕಿದ ಮೇಲೆ ಟ್ಯೂಬ್‌ಲೈಟ್ ಒಳಗೆ ಏನಾಗುತ್ತದೆ?

ಒಡೆದ ಟ್ಯೂಬ್‌ಲೈಟಿನ ಗಾಜಿನ ಒಳಮೈಗೆ ಹಿಟ್ಟಿನಂಥ ಬಿಳಿ ಪುಡಿ ಅಂಟಿರುವುದನ್ನು ನೋಡಿರುತ್ತೀರಿ. ನಮ್ಮ ಕಣ್ಣಿಗೆ ಬೀಳುವ ಬೆಳಕಿನ ಬಹುಪಾಲು ಬರುವುದು ಆ ಪುಡಿಯಿಂದಲೇ. ಸ್ವಿಚ್ಚಿನಿಂದ ಪುಡಿಯವರೆಗಿನ ದಾರಿ ನೋಡೋಣ.

ಕೊಳವೆಯಲ್ಲಿ ಗಾಳಿ ಇರುವುದಿಲ್ಲ. ಸ್ವಲ್ಪವೇ ಸ್ವಲ್ಪ ಆರ್ಗಾನ್ ಅನಿಲ, ಕೆಲವು ಮಿಲಿಗ್ರಾಂ ಪಾದರಸ, ಎರಡೂ ತುದಿಯಲ್ಲಿ ಟಂಗ್‌ಸ್ಟನ್ ಸುರುಳಿ. ಇಷ್ಟೇ.

ಸ್ವಿಚ್ ಹಾಕಿದ ಕೂಡಲೇ ಕರೆಂಟ್ ಈ ಅನಿಲವನ್ನು ದಾಟಲಾರದು. ಮೊದಲು ಸ್ಟಾರ್ಟರ್ ಎಂಬ ಪುಟ್ಟ ಡಬ್ಬಿಯ ಒಳಗಿನ ಲೋಹದ ಪಟ್ಟಿ ಬಿಸಿಯಾಗಿ, ಬಾಗಿ, ಎದುರಿನ ತಂತಿಗೆ ತಾಗುತ್ತದೆ. ಆಗ ಕರೆಂಟ್ ಎರಡೂ ಸುರುಳಿಗಳಲ್ಲಿ ಹರಿಯುತ್ತದೆ. ಸುರುಳಿಗಳು ಕಾದು ಎಲೆಕ್ಟ್ರಾನ್‌ಗಳನ್ನು ಹೊರಬಿಡುತ್ತವೆ. ಅಷ್ಟರಲ್ಲಿ ಪಟ್ಟಿ ತಣ್ಣಗಾಗಿ ಬಿಟ್ಟುಕೊಳ್ಳುತ್ತದೆ. ಹರಿಯುತ್ತಿದ್ದ ಕರೆಂಟ್ ಥಟ್ಟನೆ ಕಡಿದಾಗ, ಅದೇ ದಾರಿಯಲ್ಲಿರುವ ಚೋಕ್ ಎಂಬ ತಂತಿ ಸುತ್ತಿದ ಕಬ್ಬಿಣದ ತುಂಡಿನಲ್ಲಿ ನೂರಾರು ವೋಲ್ಟ್‌ನ ಹೊಡೆತ ಹುಟ್ಟುತ್ತದೆ. ಆ ಹೊಡೆತಕ್ಕೆ ಅನಿಲ ದಾರಿ ಬಿಡುತ್ತದೆ. ಬಿಡದಿದ್ದರೆ ಸ್ಟಾರ್ಟರ್ ಮತ್ತೆ ಅದೇ ಕೆಲಸ ಮಾಡುತ್ತದೆ. ಟ್ಯೂಬ್ ಎರಡು ಮೂರು ಸಲ ಮಿಣುಕಿ ಹೊತ್ತುವುದು ಇದಕ್ಕೇ.

ಹೊತ್ತಿಕೊಂಡ ಮೇಲೆ ಸ್ಟಾರ್ಟರ್‌ಗೆ ಕೆಲಸವಿಲ್ಲ. ಚೋಕ್ ಮಾತ್ರ ಬೇಕೇ ಬೇಕು. ಒಮ್ಮೆ ದಾರಿ ಬಿಟ್ಟ ಅನಿಲ ಕರೆಂಟನ್ನು ಜಾಸ್ತಿ ಜಾಸ್ತಿ ಎಳೆದುಕೊಳ್ಳುತ್ತದೆ. ಚೋಕ್ ತಡೆಯದಿದ್ದರೆ ಟ್ಯೂಬ್ ಸುಟ್ಟೇ ಹೋಗುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಓಡುವ ಎಲೆಕ್ಟ್ರಾನ್‌ಗಳು ಪಾದರಸದ ಆವಿಯ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಹೊಡೆತ ತಿಂದ ಪರಮಾಣು ಆ ಶಕ್ತಿಯನ್ನು ಅತಿನೇರಳೆ ಕಿರಣವಾಗಿ ಬಿಡುತ್ತದೆ. ಅದರ ತರಂಗಾಂತರ ಹೆಚ್ಚಾಗಿ 254 ನ್ಯಾನೋಮೀಟರ್. ಕಣ್ಣಿಗೆ ಅದು ಕಾಣುವುದೇ ಇಲ್ಲ! ಬಿಳಿ ಪುಡಿ ಈ ಕಿರಣವನ್ನು ಹೀರಿಕೊಂಡು, ಕಾಣುವ ಬೆಳಕಾಗಿ ಹೊರಗೆ ಬಿಡುತ್ತದೆ. ಹೀರಿದ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖವಾಗಿ ಹೋಗುತ್ತದೆ. ಆದರೂ ತಂತಿ ಕಾಯಿಸಿ ಉರಿಸುವ ಹಳೆಯ ಬಲ್ಬಿಗಿಂತ ಇದು ಎಷ್ಟೋ ಮೇಲು. ಪುಡಿಗೆ ಯೂರೋಪಿಯಂ ಎಂಬ ಲೋಹ ಬೆರೆಸಿದರೆ ಕೆಂಪು, ನೀಲಿ. ಟರ್ಬಿಯಂ ಎಂಬ ಇನ್ನೊಂದು ಲೋಹ ಬೆರೆಸಿದರೆ ಹಸಿರು. ಮೂರೂ ಕೂಡಿದರೆ ಬಿಳಿ.

ಪುಡಿಯನ್ನೇ ಬಳಿಯದೆ, ಕಿರಣ ದಾಟಬಲ್ಲ ಗಾಜು ಹಾಕಿದರೆ? ಅದೇ ಆಸ್ಪತ್ರೆಗಳಲ್ಲಿ ರೋಗಾಣು ಕೊಲ್ಲುವ ದೀಪ. ಅದರಲ್ಲಿ ಕಾಣುವುದು ಮಂಕಾದ ನೀಲಿ ಹೊಳಪಷ್ಟೇ.

ಹಳೆಯ ಟ್ಯೂಬಿನ ತುದಿ ಕಪ್ಪಾಗಿರುತ್ತದೆ ಅಲ್ವಾ? ಸುರುಳಿಗೆ ಬಳಿದ ಬೇರಿಯಂ ಮುಂತಾದವುಗಳ ಲೇಪ ಪ್ರತಿ ಸಲ ಹೊತ್ತಿಸುವಾಗ ಚೂರು ಚೂರೇ ಸಿಡಿದು ಗಾಜಿಗೆ ಅಂಟುತ್ತದೆ. ಲೇಪ ಮುಗಿದರೆ, ಪುಡಿ ಚೆನ್ನಾಗಿದ್ದರೂ ಟ್ಯೂಬ್ ಸುಮ್ನೆ ಮಿಣುಕುತ್ತದೆ, ಹೊತ್ತುವುದಿಲ್ಲ.