ಐರಿಷ್ ಸ್ಟ್ಯೂ: ಹುರಿಯದೆ, ಬರೀ ನೀರಲ್ಲಿ

ಐರಿಷ್ ಸ್ಟ್ಯೂ ಅಂದರೆ ಕುರಿಮಾಂಸ, ಆಲೂಗಡ್ಡೆ, ಈರುಳ್ಳಿ ಹಾಕಿ ನಿಧಾನವಾಗಿ ಬೇಯಿಸುವ ಐರ್ಲೆಂಡಿನ ಸಾರು. ಅದಕ್ಕೆ ಮಾಂಸ ಹುರಿಯಲ್ಲ, ಸ್ಟಾಕ್ ಕ್ಯೂಬ್ (ರುಚಿಗೆ ಹಾಕುವ ರೆಡಿಮೇಡ್ ಸಾರಿನ ಬಿಲ್ಲೆ) ಹಾಕಲ್ಲ, ಬರೀ ನೀರಲ್ಲೇ ಬೇಯಿಸುತ್ತೇನೆ ಅಂದಾಗ ಡಬ್ಲಿನ್‌ನ ನಮ್ಮ ಕನ್ನಡದ ಗೆಳೆಯರು ಯಾರೂ ನಂಬಲಿಲ್ಲ. ಆಫೀಸಿನ ಐರಿಷ್ ಗೆಳೆಯರೂ ಆಗಲ್ಲ ಅಂತ ತಲೆಯಾಡಿಸಿದರು. ಅವರ ಮನೆಗಳಲ್ಲಿ ಈಗ ಗಿನ್ನೆಸ್ ಅನ್ನುವ ಕಪ್ಪು ಬಿಯರ್ ಸುರಿದು ಬೀಫ್ ಸ್ಟ್ಯೂ ಮಾಡುವುದೇ ಜಾಸ್ತಿ. ಹೋದ ಚಳಿಗಾಲದಲ್ಲಿ ಇವರೆಲ್ಲ ನಮ್ಮನೆಯಲ್ಲಿ ಪಾತ್ರೆ ತಳ ಬಳಿದು ತಿಂದರು. ಅದಕ್ಕೇ ಬರೆಯುತ್ತಿದ್ದೇನೆ.

ದುಡ್ಡು ಹೋಗಿದ್ದೆಲ್ಲ ಮಾಂಸಕ್ಕೆ. ಸೂಪರ್‌ಮಾರ್ಕೆಟ್‌ನಲ್ಲಿ ಕತ್ತರಿಸಿಟ್ಟ ಲ್ಯಾಂಬ್ (ಎಳೆ ಕುರಿಯ ಮಾಂಸ) ಕಿಲೋಗೆ 15-16 ಯೂರೋ, ಒಂದು ಮೂಳೆಯೂ ಇರಲ್ಲ. ಎಷ್ಟು ಬೇಯಿಸಿದರೂ ಸಾರಿಗೆ ಗಟ್ಟಿತನವೇ ಬರಲಿಲ್ಲ. ಹಿಂದೆ ಐರ್ಲೆಂಡಿನ ರೈತರು ಕುರಿ ಸಾಕಿದ್ದು ಉಣ್ಣೆಗೆ, ಹಾಲಿಗೆ. ಪಾತ್ರೆಗೆ ಬೀಳುತ್ತಿದ್ದದ್ದು ಮುದಿ ಕುರಿ. ಈ ಅಡುಗೆ ಹುಟ್ಟಿದ್ದೇ ಆ ಗಟ್ಟಿ ಮಾಂಸಕ್ಕೆ ಅಲ್ವಾ! ಹಾಗಾಗಿ ಹಲಾಲ್ ಅಂಗಡಿಯಲ್ಲಿ ಮೂಳೆ ಸಮೇತ ಕತ್ತಿನ ಮಟನ್, ಅಂದರೆ ಬೆಳೆದ ಕುರಿಯದು, ತಂದೆ, ಕಿಲೋಗೆ ಹತ್ತರ ಆಸುಪಾಸು. ಅರ್ಧ ಗೆದ್ದಿದ್ದು ಅಲ್ಲೇ.

ಕುಕ್ಕರ್ ಪ್ರಯೋಗ ಬೇಡವೇ ಬೇಡ. ಮಟನ್ ಬೇಯುವಷ್ಟರಲ್ಲಿ ಆಲೂಗಡ್ಡೆ ಗೋಂದಾಗುತ್ತದೆ. ಬೇರೆ ಬೇರೆ ಬೇಯಿಸಿ ಸೇರಿಸಿದರೆ ಆಲೂಗಡ್ಡೆಗೆ ಮಾಂಸದ ರುಚಿ ಹತ್ತುವುದಿಲ್ಲ. ಕಾರ್ನ್‌ಫ್ಲೋರ್ ಹಾಕಿದರೆ ಹಿಟ್ಟಿನ ವಾಸನೆ. ಮಾಂಸ ಹುರಿದು ಮಾಡಿದ್ದೂ ಚೆನ್ನಾಗಿತ್ತು, ಆದರೆ ಅದು ಕಂದು ಬಣ್ಣದ ಬೇರೆಯೇ ಅಡುಗೆ.

ಕೊನೆಗೆ ಕೈ ಹಿಡಿದಿದ್ದು ಎರಡು ಜಾತಿ ಆಲೂಗಡ್ಡೆ. ತಳಕ್ಕೆ ರೂಸ್ಟರ್, ಅದೇ ಕೆಂಪು ಸಿಪ್ಪೆಯದು, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಹರಡುತ್ತೇನೆ. ಕೆರ್ಸ್ ಪಿಂಕ್ ಸಿಕ್ಕರೆ ಇನ್ನೂ ಒಳ್ಳೆಯದು. ಹಿಟ್ಟು ಹಿಟ್ಟಾದ ಜಾತಿ, ಕರಗಿ ಸಾರನ್ನು ಅದೇ ಮಂದ ಮಾಡುತ್ತದೆ. ಅದರ ಮೇಲೆ ಒಂದೂಕಾಲು ಕಿಲೋ ಮಟನ್, ನಾಲ್ಕು ದಪ್ಪ ಈರುಳ್ಳಿ, ಒಂದೆರಡು ಕಡ್ಡಿ ಥೈಮ್ (ಘಮದ ಸೊಪ್ಪು), ಮುಳುಗುವಷ್ಟು ನೀರು. ಕುದಿ ಬಂದಾಗ ನೊರೆ ತೆಗೆದು ಉರಿ ಪೂರ್ತಿ ಸಣ್ಣ ಮಾಡಬೇಕು, ಗುಳ್ಳೆ ಒಂದೊಂದಾಗಿ ಏಳಬೇಕು ಅಷ್ಟೇ. ಎರಡು ಗಂಟೆಯಾದ ಮೇಲೆ ಶಾರ್ಲೆಟ್ ಆಲೂಗಡ್ಡೆ ಇಡಿಯಾಗಿ ಹಾಕಿ ಇನ್ನೂ ಮುಕ್ಕಾಲು ಗಂಟೆ. ಇವು ಒಡೆಯುವುದಿಲ್ಲ. ಎಲ್ಲಾ ಸೇರಿ ಆಲೂಗಡ್ಡೆ ಒಂದೂವರೆ ಕಿಲೋ ಇರಬಹುದು. ಉಪ್ಪು ಯಾವಾಗ, ಎಷ್ಟು ಕಂತಲ್ಲಿ ಹಾಕುತ್ತೇನೆ ಅನ್ನುವುದನ್ನು ಮಾತ್ರ ಹೇಳಲ್ಲ, ಅದು ನನ್ನ ಹತ್ತಿರವೇ ಇರಲಿ.

ಕ್ಯಾರೆಟ್ ಬಗ್ಗೆ ಇಲ್ಲಿಯವರಲ್ಲೇ ಜಗಳ ಇದೆ. ಮಟನ್, ಆಲೂಗಡ್ಡೆ, ಈರುಳ್ಳಿ ಬಿಟ್ಟು ಬೇರೇನೂ ಬೇಡ ಅನ್ನುವವರಿದ್ದಾರೆ. ಥೈಮ್, ಮೆಣಸು ಬಿಟ್ಟರೆ ನಾನೂ ಅವರ ಕಡೆ. ಬಾರ್ಲಿ ಒಂದು ಹಿಡಿ ಹಾಕಿ ನೋಡಿದೆ, ಮರುದಿನಕ್ಕೆ ಗಂಜಿ. ಟೊಮೆಟೊ ಹಾಕಿದರೆ ಹುಳಿಗೆ ಆಲೂಗಡ್ಡೆ ಬೇಗ ಮೆತ್ತಗಾಗುವುದೇ ಇಲ್ಲ. ಬಿಳಿ ಮೆಣಸಿನ ಬದಲು ಊರಿಂದ ತಂದ ಕರಿಮೆಣಸು ಕುಟ್ಟಿ ಕೊನೆಗೆ ಉದುರಿಸಿದ್ದು ಮಾತ್ರ ಸಖತ್ತಾಗಿತ್ತು.

ಖರ್ಚು ಪಾತ್ರೆಗೆ ಸುಮಾರು 18-20 ಯೂರೋ, ಆರು ಜನಕ್ಕೆ ಧಾರಾಳ. ಪಬ್‌ನಲ್ಲಿ ಒಂದು ತಟ್ಟೆಗೇ ಹೆಚ್ಚೂಕಮ್ಮಿ ಅಷ್ಟಾಗುತ್ತದೆ. ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಬೆಳ್ಳಗೆ ಕೊಬ್ಬು ಕಟ್ಟಿರುತ್ತದೆ, ಸೌಟಿನ ತುದಿ ಸಿಕ್ಕಿಸಿದರೆ ಬಿಲ್ಲೆಯಂತೆ ಏಳುತ್ತದೆ. ಅದನ್ನು ಬಿಸಾಡಬೇಡಿ. ಎಲೆಕೋಸನ್ನು ಸಣ್ಣಗೆ ಹೆಚ್ಚಿ ಅದರಲ್ಲೇ ಬಾಡಿಸಿ, ಪಕ್ಕದಲ್ಲಿ ಬಡಿಸಿ.