ಪಿ53 ಪ್ರೊಟೀನ್ ಯಾವ ಜೀನನ್ನು ಎಬ್ಬಿಸಬೇಕೆಂದು ಆರಿಸುವುದು ಹೇಗೆ? ಪೆನ್ಸಿಲ್ ಹಿಡಿದು ನೋಡಿ

ಡಿಎನ್‌ಎಗೆ ಪೆಟ್ಟು ಬಿದ್ದಾಗ ಜೀವಕೋಶದ ಮುಂದೆ ಮುಖ್ಯವಾಗಿ ಎರಡು ದಾರಿಗಳಿರುತ್ತವೆ: ವಿಭಜನೆ ನಿಲ್ಲಿಸಿ ರಿಪೇರಿ ಮಾಡಿಕೊಳ್ಳುವುದು, ಇಲ್ಲವೇ ಸಾಯುವುದು. ಎರಡಕ್ಕೂ ಬೇಕಾದ ಜೀನ್‌ಗಳನ್ನು ಚಾಲೂ ಮಾಡುವುದು ಒಂದೇ ಪ್ರೊಟೀನ್. ಅದು 1979ರಲ್ಲಿ ಪತ್ತೆಯಾದ, 393 ಅಮೈನೊ ಆಮ್ಲಗಳ ಪಿ53. ಒಮ್ಮೆ ಈ ಜೀನು, ಇನ್ನೊಮ್ಮೆ ಆ ಜೀನು ಎಂಬ ಆಯ್ಕೆ ಹಂತಹಂತವಾಗಿ ನಡೆಯುತ್ತದೆ.

ಹಂತ 1: ಪ್ರಮಾಣ ಏರಬೇಕು
ಆರೋಗ್ಯವಂತ ಕೋಶದಲ್ಲಿ ಎಂಡಿಎಂ2 ಎಂಬ ಪ್ರೊಟೀನ್ ಪಿ53ಗೆ ಯುಬಿಕ್ವಿಟಿನ್ ಎಂಬ ‘ನಾಶ ಮಾಡಿ’ ಚೀಟಿ ಅಂಟಿಸಿ, ಅದನ್ನು ನಾಶಕ್ಕೆ ಕಳಿಸುತ್ತಲೇ ಇರುತ್ತದೆ. ಸುಮಾರು ಅರ್ಧ ಗಂಟೆಯೊಳಗೆ ಇದ್ದ ಪಿ53ರಲ್ಲಿ ಅರ್ಧ ಹೋಗಿಬಿಡುತ್ತದೆ. ಡಿಎನ್‌ಎಯ ಎರಡೂ ಎಳೆ ತುಂಡಾದರೆ ಎಟಿಎಂ ಕೈನೇಸ್ ಎಂಬ ಕಿಣ್ವ ಪಿ53ರ 15ನೇ ಸ್ಥಾನದಲ್ಲಿರುವ ಸೀರಿನ್ ಎಂಬ ಅಮೈನೊ ಆಮ್ಲಕ್ಕೆ, ಚೆಕ್2 ಕೈನೇಸ್ 20ನೇ ಸ್ಥಾನದ ಸೀರಿನ್‌ಗೆ ಫಾಸ್ಫೇಟ್ ಸೇರಿಸುತ್ತವೆ. ಆಗ ಎಂಡಿಎಂ2 ಹಿಡಿತ ಸಡಿಲವಾಗಿ ಪಿ53 ಶೇಖರವಾಗುತ್ತದೆ. ನಾಲ್ಕು ಅಣುಗಳು ಒಟ್ಟುಗೂಡಿ ಡಿಎನ್‌ಎ ಹಿಡಿಯುತ್ತವೆ.

ಹಂತ 2: ವಿಳಾಸ ಹುಡುಕುವುದು
ಇದನ್ನು ತುಮಕೂರಿನ ಪಿಯು ವಿದ್ಯಾರ್ಥಿಗಳು ನೋಟ್‌ಬುಕ್ಕಿನಲ್ಲೇ ಪರೀಕ್ಷಿಸಬಹುದು. ಡಿಎನ್‌ಎ ಬರವಣಿಗೆಯಲ್ಲಿರುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ; ಅದರಲ್ಲಿ ಪಿ53 ಹುಡುಕುವುದು ಹತ್ತು ಅಕ್ಷರಗಳ ಮಾದರಿಯನ್ನು. ಮೊದಲ ಮೂರು ಸ್ಥಾನಗಳಲ್ಲಿ ಎ ಅಥವಾ ಜಿ, 4ರಲ್ಲಿ ಸಿ, 5 ಮತ್ತು 6ರಲ್ಲಿ ಎ ಅಥವಾ ಟಿ, 7ರಲ್ಲಿ ಜಿ, ಕೊನೆಯ ಮೂರರಲ್ಲಿ ಸಿ ಅಥವಾ ಟಿ. ಇಂಥ ಎರಡು ತುಣುಕುಗಳು ಬೇಕು, ನಡುವೆ 0ರಿಂದ 13 ಅಕ್ಷರಗಳ ಅಂತರವಿರಬಹುದು.

ವಿಭಜನೆ ನಿಲ್ಲಿಸುವ ಪಿ21 ಜೀನಿನ ಮುಖ್ಯ ತಾಣವನ್ನು ಬರೆದುಕೊಳ್ಳಿ:

ಜಿ ಎ ಎ ಸಿ ಎ ಟಿ ಜಿ ಟಿ ಸಿ ಸಿ
ಸಿ ಎ ಎ ಸಿ ಎ ಟಿ ಜಿ ಟಿ ಟಿ ಜಿ

ಮೊದಲ ಸಾಲು ಹತ್ತಕ್ಕೆ ಹತ್ತು ಹೊಂದುತ್ತದೆ. ಎರಡನೆಯದರಲ್ಲಿ ಮೊದಲ ಮತ್ತು ಕೊನೆಯ ಅಕ್ಷರ ತಪ್ಪಿವೆ, ಆದರೂ ಪಿ53 ಬಿಗಿಯಾಗಿಯೇ ಕೂರುತ್ತದೆ. ಅಂಚಿನ ತಪ್ಪನ್ನು ಅದು ಸಹಿಸಿಕೊಳ್ಳುತ್ತದೆ. 4ನೇ ಸಿ, 7ನೇ ಜಿ ಕೆಟ್ಟರೆ ಹಿಡಿತ ತೀರಾ ಕುಸಿಯುತ್ತದೆ. ಎರಡು ಸಾಲುಗಳ ನಡುವೆ ಅಂತರ ಇಲ್ಲದಿರುವುದೂ ಅನುಕೂಲವೇ. ಸಾವಿಗೆ ದೂಡುವ ಬ್ಯಾಕ್ಸ್ ಜೀನಿನ ತಾಣ ಇಷ್ಟು ಚೆನ್ನಾಗಿ ಹೊಂದುವುದಿಲ್ಲ. ಹಾಗಾಗಿ ಪಿ53 ಸ್ವಲ್ಪವೇ ಇದ್ದಾಗ ಪಿ21 ಮೊದಲು ಏಳುತ್ತದೆ. ನಮ್ಮ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಜಾಣತನ ಇಲ್ಲಿದೆ: ಮೊದಲು ತಡೆ, ಸಾವು ಆಮೇಲೆ.

ಹಂತ 3: ಗುರುತು ಮತ್ತು ಜೊತೆಗಾರರು
ಪ್ರಮಾಣ ಒಂದೇ ಸಾಲದು. ಟಿಪ್60ಯಂಥ ಕಿಣ್ವ 120ನೇ ಲೈಸಿನ್‌ಗೆ ಅಸಿಟೈಲ್ ಗುಂಪು ಸೇರಿಸಿದರೆ ಪಿ53 ಸಾವಿಗೆ ದೂಡುವ ಪ್ಯೂಮಾ, ಬ್ಯಾಕ್ಸ್ ಜೀನ್‌ಗಳ ಕಡೆ ವಾಲುತ್ತದೆ. ಆ ಲೈಸಿನ್ ಬದಲಿಸಿದ ಪಿ53 ಪಿ21 ಅನ್ನು ಎಬ್ಬಿಸಬಲ್ಲದು, ಪ್ಯೂಮಾವನ್ನು ಎಬ್ಬಿಸಲು ಸೋಲುತ್ತದೆ. ಎಎಸ್‌ಪಿಪಿ1, ಎಎಸ್‌ಪಿಪಿ2 ಎಂಬ ಪ್ರೊಟೀನ್‌ಗಳು ಜೊತೆಗೂಡಿದರೂ ಸಾವಿನ ಜೀನ್‌ಗಳ ಕಡೆಗೇ ಒಲವು.

ಹಂತ 4: ಓದಿಸುವುದು
ಪಿ300 ಕಿಣ್ವ ಬಂದು, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೊಟೀನ್‌ಗಳಿಗೆ ಅಸಿಟೈಲ್ ಸೇರಿಸಿ ಡಿಎನ್‌ಎ ಸುರುಳಿಯನ್ನು ಸಡಿಲಿಸುತ್ತದೆ, ಜೀನನ್ನು ಆರ್‌ಎನ್‌ಎಗೆ ನಕಲಿಸುವ ಆರ್‌ಎನ್‌ಎ ಪಾಲಿಮರೇಸ್ ಓದುತ್ತದೆ. ಪಿ21 ಜೀನಿನಲ್ಲಿ ಪಾಲಿಮರೇಸ್ ಪೆಟ್ಟು ಬೀಳುವ ಮೊದಲೇ ಬಂದು ಕಾದಿರುತ್ತದೆ. ಎಂಡಿಎಂ2 ಕೂಡ ಪಿ53 ಎಬ್ಬಿಸುವ ಜೀನೇ. ಹಾಗಾಗಿ ಕೆಲಸ ಮುಗಿದಂತೆ ಪಿ53 ಮತ್ತೆ ಇಳಿಯುತ್ತದೆ.

ಎಲ್ಲಿ ಕೆಡುತ್ತದೆ?
ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53 ತಯಾರಿಸುವ ಜೀನೇ ಕೆಟ್ಟಿರುತ್ತದೆ. 248 ಮತ್ತು 273ನೇ ಸ್ಥಾನದ ಆರ್ಜಿನೀನ್ ಅಮೈನೊ ಆಮ್ಲಗಳು ಡಿಎನ್‌ಎಯನ್ನು ನೇರ ಮುಟ್ಟುವಂಥವು; ಅವು ಬದಲಾದರೆ ವಿಳಾಸ ಸಿಕ್ಕರೂ ಹಿಡಿಯಲಾಗದು. 175ನೆಯದು ಬದಲಾದರೆ ಪ್ರೊಟೀನಿನ ಆಕಾರವೇ ಕುಸಿಯುತ್ತದೆ. ನಾಲ್ಕು ಅಣುಗಳ ಜೋಡಣೆಯಾದ್ದರಿಂದ, ಕೆಟ್ಟ ಪ್ರತಿಗಳು ಒಳ್ಳೆಯವನ್ನೂ ತಮ್ಮೊಡನೆ ನಿಷ್ಕ್ರಿಯಗೊಳಿಸುತ್ತವೆ.

249ನೇ ಆರ್ಜಿನೀನ್‌ನ ಕಥೆ ಪಾವಗಡ, ಶಿರಾ, ಮಧುಗಿರಿಯ ಕಡಲೆಕಾಯಿ ಬೆಳೆಗಾರರು ತಿಳಿದಿರಬೇಕಾದದ್ದು. ಬೂಷ್ಟು ಹಿಡಿದ ಬೀಜದ ಅಫ್ಲಾಟಾಕ್ಸಿನ್ ಬಿ1 ಎಂಬ ಶಿಲೀಂಧ್ರದ ವಿಷ ಜೀನಿನ ಆ ಜಾಗದ ಎಜಿಜಿ ಎಂಬ ಮೂರಕ್ಷರವನ್ನು ಎಜಿಟಿ ಮಾಡಬಲ್ಲದು. ಆರ್ಜಿನೀನ್ ಜಾಗಕ್ಕೆ ಸೀರಿನ್ ಬರುತ್ತದೆ. ಈ ವಿಷ ಹೆಚ್ಚಿರುವ ಚೀನಾ, ಆಫ್ರಿಕಾದ ಪ್ರದೇಶಗಳ ಯಕೃತ್ತಿನ ಕ್ಯಾನ್ಸರ್‌ನಲ್ಲಿ ಇದೇ ಬದಲಾವಣೆ ಮತ್ತೆ ಮತ್ತೆ ಕಂಡಿದೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಶಿಲೀಂಧ್ರ ಹೊಲದಲ್ಲೇ ಸೇರಿಕೊಳ್ಳುತ್ತದೆ. ಕಿತ್ತ ಕಾಯಿಯನ್ನು ತೇವಾಂಶ ಶೇ 8ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಿ. ಅಲುಗಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಮುರುಟಿದ, ಬಣ್ಣಗೆಟ್ಟ ಬೀಜ ಆರಿಸಿ ಎಸೆಯಿರಿ. ಹುರಿದರೆ ವಿಷ ಪೂರ್ತಿ ಹೋಗುವುದಿಲ್ಲ. ಹೆಪಟೈಟಿಸ್ ಬಿ ಸೋಂಕು ಇದ್ದವರಿಗೆ ಅಪಾಯ ಹಲವು ಪಟ್ಟು, ಆದ್ದರಿಂದ ಮಗು ಹುಟ್ಟಿದ 24 ಗಂಟೆಯೊಳಗೆ ಆ ಲಸಿಕೆ ಹಾಕಿಸಿ.